ಸೋಮವಾರ ಬಾ ಎಂದಿದ್ದೆ

ನನ್ನ ಮೊದಲ ಕೆಲಸ ಇನ್ನೊಬ್ಬರ ಕುರ್ಚಿಯಲ್ಲಿ ಕೂರುವುದು. ಕುರ್ಲಾ ಸ್ಟೇಷನ್ನಿನಿಂದ ಹತ್ತು ನಿಮಿಷ ನಡೆದರೆ ಸಿಗುವ ಒಂದು ಗಲ್ಲಿಯಲ್ಲಿ, ನಾನು ಹುಟ್ಟುವ ಮೊದಲಿನಿಂದ ದವಾಖಾನೆ ನಡೆಸುತ್ತಿದ್ದ ಒಬ್ಬ ಹಿರಿಯ ಡಾಕ್ಟರರು ಮಂಡಿಯ ಆಪರೇಷನ್ನಿಗೆ ಹೊರಟಿದ್ದರು. ಅವರು ಎದ್ದು ಓಡಾಡುವವರೆಗೆ ಮೂರು ವಾರ ಬಾಗಿಲು ಹಾಕುವಂತಿಲ್ಲ. ಎದುರು ಗಲ್ಲಿಯಲ್ಲೇ ಇನ್ನೊಬ್ಬ ಡಾಕ್ಟರ್ ಹೊಸ ಬೋರ್ಡು ಹಾಕಿಕೊಂಡು ಕಾದಿದ್ದರು. ಹೀಗೆ ಒಬ್ಬರ ಜಾಗದಲ್ಲಿ ಇನ್ನೊಬ್ಬರು ಕೆಲವು ದಿನ ಕೂತು ನೋಡಿಕೊಳ್ಳುವುದಕ್ಕೆ ನಮ್ಮವರು ಲೋಕಮ್ ಎನ್ನುತ್ತಾರೆ. ಎಂಬಿಬಿಎಸ್ ಮುಗಿಸಿ, ಮುಂದಿನ ಓದಿನ ಪ್ರವೇಶ ಪರೀಕ್ಷೆಯಲ್ಲಿ ಒಮ್ಮೆ ಮುಗ್ಗರಿಸಿ, ಗೋರೆಗಾಂವಿನ ಮನೆಯಲ್ಲಿ ಮತ್ತೆ ಪುಸ್ತಕ ಹಿಡಿದಿದ್ದ ನನಗೆ ಒಂದು ಏಜೆನ್ಸಿಯವರು ಫೋನಿನಲ್ಲೇ ಈ ಕೆಲಸ ಗೊತ್ತುಮಾಡಿದರು.

ಅಪ್ಪನಿಗೆ ಹೇಳಿದಾಗ ಅವರಿಗೆ ನಗು ಬಂತು.

"ಅಂದ್ರ ನೀನೂ ಬದ್ಲಿ ಆದಿ ಅನ್ನು."

ಅಪ್ಪ ವಿಜಯಪುರದ ಕಡೆಯಿಂದ ಮೀಸೆ ಮೂಡುವ ವಯಸ್ಸಿನಲ್ಲಿ ಮುಂಬೈಗೆ ಬಂದವರು. ಬಟ್ಟೆ ಮಿಲ್ಲಿನ ಗೇಟಿನ ಮುಂದೆ ದಿನಾ ಬೆಳಿಗ್ಗೆ ನಿಲ್ಲುತ್ತಿದ್ದರಂತೆ. ಒಳಗಿನ ಕಾಯಂ ಕೆಲಸಗಾರ ಯಾರಾದರೂ ಬರದಿದ್ದರೆ ಅವನ ಮಗ್ಗ ಆ ದಿನ ಇವರಿಗೆ. ಅವರನ್ನು ಬದ್ಲಿ ಎಂದು ಕರೆಯುತ್ತಿದ್ದರು. ಮಿಲ್ಲು ಮುಚ್ಚಿತು, ಅಪ್ಪ ಒಂದು ಬಿಲ್ಡಿಂಗಿನಲ್ಲಿ ವಾಚ್‌ಮನ್ ಆದರು, ಮಗಳನ್ನು ಡಾಕ್ಟರ್ ಓದಿಸಿದರು. ಆ ದಿನ ಚಹಾ ಕುಡಿಯುತ್ತಾ ಅವರು ನನಗೊಂದು ಪಾಠ ಹೇಳಿದರು.

"ಬದ್ಲಿಯವ್ನಿಗಿ ಒಂದು ಕಾಯ್ದೆ ಅದ ಯವ್ವಾ. ಮಗ್ಗ ಬಿಟ್ಟು ಹೋಗೂವಾಗ ಎಲ್ಲಿ ಎಳಿ ಹರದದ ಅಂತ ಬರೂವಂವಗ ತೋರಿಸಿ ಹೋಗಬೇಕು. ಇಲ್ಲಂದ್ರ ಅಂವ ಗೊತ್ತಿಲ್ಲದ ನೇಯ್ತಾ ಹೋಗ್ತಾನ, ಇಡೀ ಬಟ್ಟಿ ಕೆಡ್ತದ."

ಹೂಂ ಎಂದೆ. ಮಗ್ಗಕ್ಕೂ ಮನುಷ್ಯರಿಗೂ ಏನು ಸಂಬಂಧ ಎಂಬ ಜಂಬ ನನಗೆ. ಅಲ್ಪನಿಗೆ ಐಶ್ವರ್ಯ ಬಂದರೆ ಅರ್ಧರಾತ್ರಿಯಲ್ಲಿ ಕೊಡೆ ಹಿಡಿದನಂತೆ. ನಾನು ಮೊದಲ ದಿನ ಲೋಕಲ್‌ನ ಲೇಡೀಸ್ ಡಬ್ಬಿಯಲ್ಲಿ ಸ್ಟೆತಾಸ್ಕೋಪನ್ನು ಬ್ಯಾಗಿನ ಬಾಯಿಯಿಂದ ಅರ್ಧ ಹೊರಗೆ ಇಟ್ಟುಕೊಂಡೇ ಹೋದವಳು. ದಾದರಿನಲ್ಲಿ ಗಾಡಿ ಬದಲಿಸುವಾಗ ನೂಕುನುಗ್ಗಲಿಗೆ ಅದು ಯಾರದೋ ತೋಳಿಗೆ ಸಿಕ್ಕಿಕೊಂಡು, ಬೈಸಿಕೊಂಡು, ಆಮೇಲೆ ಒಳಗೆ ಹಾಕಿದೆ.

ದವಾಖಾನೆಯಲ್ಲಿ ಡಾಕ್ಟರರಷ್ಟೇ ಹಳಬರೆಂದರೆ ಕಾಂಪೌಂಡರ್ ಮಾಮಾ. ಮದ್ದು ಕಟ್ಟುವುದು, ಕಾರ್ಡು ತೆಗೆಯುವುದು, ಯಾರು ಮೊದಲು ಯಾರು ಆಮೇಲೆ ಎಂದು ನಿರ್ಧರಿಸುವುದು ಎಲ್ಲ ಅವರೇ. ಡಾಕ್ಟರರು ಹೊರಡುವ ಮುನ್ನ ನನ್ನನ್ನು ಕೂರಿಸಿಕೊಂಡು ಹಿಂದಿಯಲ್ಲಿ ತಮ್ಮ ನಿಯಮಗಳನ್ನು ಹೇಳಿದರು. ನನ್ನ ಔಷಧಿ ಬದಲಿಸಬೇಡ. ಪೇಷಂಟುಗಳಿಗೆ ನಿನ್ನ ನಂಬರು ಕೊಡಬೇಡ. ಮತ್ತೆ, ಯಾರು ಕೇಳಿದರೂ ಡಾಕ್ಟರ್ ಇಲ್ಲ ಎನ್ನಬೇಡ, ಬರ್ತಾರೆ ಎನ್ನು. ಇಲ್ಲ ಎಂದರೆ ಜನ ಎದುರು ಗಲ್ಲಿಗೆ ಹೋಗುತ್ತಾರೆ, ಬರ್ತಾರೆ ಎಂದರೆ ಕಾಯುತ್ತಾರೆ. ದವಾಖಾನೆ ನಡೆಯುವುದೇ ಹೀಗೆ ಎಂದು ನಕ್ಕರು. ಕೆಟ್ಟವರಲ್ಲ, ಗಲ್ಲಿಯ ಅರ್ಧ ಮಕ್ಕಳಿಗೆ ಸೂಜಿ ಹಾಕಿದ ಕೈ ಅವರದು.

ಆ ಕುರ್ಚಿಯ ಸೀಟು ಅವರ ಭಾರಕ್ಕೆ ಒಂದು ಕಡೆ ತಗ್ಗಿತ್ತು. ನಾನು ಕೂತರೆ ಎಡಕ್ಕೆ ವಾಲುತ್ತಿದ್ದೆ. ಜನ ಪರದೆ ಸರಿಸಿ, ನನ್ನ ಮುಖ ನೋಡಿ, ಪರದೆ ಬಿಟ್ಟು, ಹೊರಗೆ ಮಾಮಾನನ್ನು ಕೇಳುತ್ತಿದ್ದರು: "ಡಾಕ್ಟರ್ ಸಾಬ್?" ಮಾಮಾ ಮದ್ದಿನ ಪೊಟ್ಟಣ ಮಡಚುತ್ತಲೇ "ಆಯೇಂಗೆ, ಆಯೇಂಗೆ" ಎನ್ನುತ್ತಿದ್ದರು. ನಾನು ಬರೆದುಕೊಟ್ಟ ಚೀಟಿಯನ್ನು ಅವರ ಮುಂದೆ ಹಿಡಿದು, ಇದು ಸರಿಯಾ ಎಂದು ಕೇಳಿದ ಅಜ್ಜಿಯರೂ ಇದ್ದರು. ಎರಡನೇ ವಾರಕ್ಕೆ ನನಗೂ ಅಭ್ಯಾಸವಾಯಿತು. ಯಾರಾದರೂ ಕೇಳಿದರೆ ನನ್ನ ಬಾಯಿಂದಲೂ ಸಲೀಸಾಗಿ "ಆಯೇಂಗೆ" ಬರುತ್ತಿತ್ತು.

ಆಗಲೇ ಅವಳು ಬಂದದ್ದು. ನನ್ನದೇ ವಯಸ್ಸಿರಬಹುದು. ಸೊಂಟದ ಮೇಲೆ ಮೂರು ವರ್ಷದ ಮಗಳು, ಸೆರಗಿನ ಅಂಚಿಗೆ ಸಿಮೆಂಟು. ಪಕ್ಕದಲ್ಲಿ ಏಳುತ್ತಿದ್ದ ಬಿಲ್ಡಿಂಗಿನಲ್ಲಿ ಗಂಡ ಹೆಂಡತಿ ಇಬ್ಬರೂ ದುಡಿಯುತ್ತಿದ್ದರು. ಮಗುವಿಗೆ ಕೆಮ್ಮು. ಬಾಯಿ ತೆರೆಯದ ಮಗುವಿಗೆ ಅವಳು "ಆ ಅನ್ನವ್ವಾ, ಆ ಅನ್ನು" ಎಂದಳು. ನಾನೂ "ಎಷ್ಟು ದಿನದಿಂದ ಕೆಮ್ಮತಾಳ?" ಎಂದೆ. ಅವಳು ಮಗುವನ್ನು ಬಿಟ್ಟು ನನ್ನ ಮುಖ ನೋಡಿದಳು.

"ಅಯ್ಯ, ನಮ್ಮ ಮಾತು ಬರ್ತದೇನ್ರಿ ಅಕ್ಕಾರ ನಿಮಗ!"

ಆ ಸಂತೋಷ ನನ್ನ ತಲೆಗೇರಿತು. ಎರಡು ವಾರದಿಂದ ಯಾರಿಗೂ ಬೇಡವಾಗಿದ್ದ ಡಾಕ್ಟರ್ ನಾನು, ಒಬ್ಬಳಿಗಾದರೂ ಬೇಕಾದೆ.

ದವಾಖಾನೆಯಲ್ಲಿ ಕಾರ್ಡು ಒಂದೊಂದು ಮನೆಗೆ ಒಂದು, ಮನೆಯ ಯಜಮಾನನ ಹೆಸರಿನಲ್ಲಿ. ಗಂಡನ ಹೆಸರೇನು ಎಂದು ಕೇಳಿದೆ. ಅವಳು ಸೆರಗು ಬಾಯಿಗೆ ಒತ್ತಿಕೊಂಡು ನಕ್ಕಳೇ ಹೊರತು ಹೇಳಲಿಲ್ಲ. ನಮ್ಮಮ್ಮನೂ ರೇಷನ್ ಅಂಗಡಿಯಲ್ಲಿ ಅಪ್ಪನ ಹೆಸರು ಹೇಳಲಾಗದೆ ನನ್ನನ್ನು ಮುಂದೆ ತಳ್ಳುತ್ತಿದ್ದವಳು. "ನೀ ಹೇಳವ್ವಾ ಅಪ್ಪನ ಹೆಸರು" ಎಂದು ಇವಳೂ ಮಗಳನ್ನು ಮುಂದೆ ಮಾಡಿದಳು. ಮಗು "ಅಪ್ಪಾ" ಎಂದಿತು. ಇಬ್ಬರೂ ನಕ್ಕೆವು. ಹೆಸರಿನ ಜಾಗ ಖಾಲಿ ಬಿಟ್ಟು ಕೆಳಗೆ ಮಗುವಿನ ಕೆಮ್ಮು ಬರೆದೆ.

ಮಗುವಿನ ಕೆಮ್ಮು ನಾಲ್ಕು ದಿನಕ್ಕೆ ವಾಸಿಯಾಯಿತು. ಆದರೂ ಅವಳು ಮತ್ತೆ ಬಂದಳು, ಮತ್ತೆ ಮಗುವನ್ನೇ ತೋರಿಸಿದಳು. ಮೂರನೇ ಸಲ ಬಂದದ್ದು ನನ್ನ ಕೊನೆಯ ಶನಿವಾರ. ಮಗು ನಗುನಗುತ್ತಾ ಟೇಬಲ್ಲಿನ ಮೇಲಿನ ಟಾರ್ಚು ಹಿಡಿದಿತ್ತು. ಏನೂ ಇಲ್ಲ, ಆರಾಮಿದಾಳ ಎಂದೆ. ಅವಳು ಎದ್ದು ಪರದೆಯವರೆಗೆ ಹೋಗಿ, ಹೊರಗೆ ಮಾಮಾ ಚಹಾಕ್ಕೆ ಹೋಗಿರುವುದನ್ನು ನೋಡಿ, ವಾಪಸು ಬಂದಳು.

"ಅಕ್ಕಾರ, ನಂದೊಂದು ತೋರಸ್ಲೇನ್ರಿ?"

ಎಡ ಮೊಲೆಯಲ್ಲಿ ನೆಲ್ಲಿಕಾಯಿ ಗಾತ್ರದ ಗಂಟು. ಒತ್ತಿದರೆ ಜರುಗಲಿಲ್ಲ. ಕಂಕುಳಲ್ಲಿ ಇನ್ನೊಂದು. ನನ್ನ ಬೆರಳಿಗೆ ಗೊತ್ತಾದದ್ದು ಮುಖದಲ್ಲಿ ಕಾಣಬಾರದೆಂದು ಮಗುವಿನ ಕಡೆ ತಿರುಗಿದೆ.

"ಎಷ್ಟು ದಿನಾತು?"

"ಪಂಚಮಿಗಿ ಊರಿಗಿ ಹೋದಾಗ ಸಣ್ಣದಿತ್ತರಿ. ನೋವಿಲ್ಲ, ಅದಕ್ಕ ಸುಮ್ಮನಿದ್ದೆ."

"ಡಾಕ್ಟರಿಗೆ ಯಾಕ ತೋರಿಸ್ಲಿಲ್ಲ?"

"ಗಂಡಸರಿಗಿ ಹ್ಯಾಂಗ ತೋರಸ್ಲ್ರಿ? ಅದರಾಗ ಮಾತೂ ಬರಂಗಿಲ್ಲ. ನೀವೂ ಯಾರ ಮುಂದೂ ಅನಬ್ಯಾಡ್ರಿ. ಆ ಮಾಮಾನ ಮುಂದಂತೂ ಬ್ಯಾಡ. ನಮ್ಮನಿಯವ್ರಿಗೂ ಗೊತ್ತಿಲ್ಲ."

ದೊಡ್ಡ ಆಸ್ಪತ್ರೆಗೆ ಹೋಗಬೇಕು, ಸೂಜಿ ಹಾಕಿ ಪರೀಕ್ಷೆ ಮಾಡಬೇಕು, ತಡ ಮಾಡಬಾರದು ಎಂದೆ. ಆ ಕಾಯಿಲೆಯ ಹೆಸರು ಹೇಳಲಿಲ್ಲ. ಅವಳ ಕಣ್ಣುಗಳು ದೊಡ್ಡವಾದವು. ಅಲ್ಲಿ ಯಾರಿಗೆ ಏನಂತ ಹೇಳ್ಲಿ, ಒಬ್ಬಾಕೀನ ಹೋಗಂಗಿಲ್ಲ ಎಂದಳು. ಮತ್ತೆ ಸಣ್ಣ ದನಿಯಲ್ಲಿ ಕೇಳಿದಳು.

"ನೀವು ಬರ್ತೀರೇನ್ರಿ?"

"ಬರ್ತೀನಿ" ಎಂದೆ. "ಸೋಮವಾರ ಮುಂಜಾನೆ ಇಲ್ಲೇ ಬಾ. ನಾನ ಕರ್ಕೊಂಡು ಹೋಗ್ತೀನಿ."

ಸುಳ್ಳು ಹೇಳಲಿಲ್ಲ. ಹೋಗುವ ಮನಸ್ಸೇ ಇತ್ತು. ನನ್ನ ಕರಾರು ಆ ಶನಿವಾರಕ್ಕೆ ಮುಗಿಯುತ್ತಿದ್ದರೂ ಸೋಮವಾರ ಬಿಡುವೇ ಇತ್ತಲ್ಲ. ಇನ್ನು ಮೇಲೆ ನಾನಿಲ್ಲಿ ಕೂರುವುದಿಲ್ಲ ಎಂದು ಅವಳಿಗೆ ಹೇಳಬೇಕೆಂದು ಹೊಳೆಯಲಿಲ್ಲ. ಅಥವಾ ಹೊಳೆದರೂ, ಅವಳು ನನ್ನನ್ನು ನೋಡುತ್ತಿದ್ದ ಆ ನೋಟ ಕಳೆದುಕೊಳ್ಳಲು ಇಷ್ಟವಾಗಲಿಲ್ಲ. ನಂಬರು ಕೊಡುವಂತಿಲ್ಲ ಎಂಬ ನಿಯಮವನ್ನು ಮಾತ್ರ ಒಳ್ಳೆಯ ಹುಡುಗಿಯ ಹಾಗೆ ಪಾಲಿಸಿದೆ. ಕಾರ್ಡಿನಲ್ಲೂ ಏನೂ ಬರೆಯಲಿಲ್ಲ, ಮಾಮಾ ಕಾರ್ಡು ಓದುತ್ತಾರೆ.

ಭಾನುವಾರ ಏಜೆನ್ಸಿಯಿಂದ ಫೋನು ಬಂತು. ಅಂಧೇರಿಯ ಒಂದು ಆಫೀಸಿನಲ್ಲಿ ನೌಕರರ ತಪಾಸಣೆ, ನಾಳೆ ಬೆಳಿಗ್ಗೆ ಎಂಟಕ್ಕೆ, ಆಗುತ್ತದೋ ಇಲ್ಲವೋ ಈಗಲೇ ಹೇಳಿ. ಒಮ್ಮೆ ಇಲ್ಲ ಎಂದವರನ್ನು ಅವರು ಮತ್ತೆ ಕರೆಯುವುದಿಲ್ಲ ಎಂದು ಎಲ್ಲರೂ ಹೇಳುತ್ತಿದ್ದರು. ಆಗುತ್ತದೆ ಎಂದೆ. ಆಮೇಲೆ ಮಾಮಾನಿಗೆ ಫೋನು ಮಾಡಿ, ನಾಳೆ ಮಗುವನ್ನೆತ್ತಿಕೊಂಡು ಆ ಕನ್ನಡದ ಹೆಂಗಸು ಬರುತ್ತಾಳೆ, ನಾನು ಇನ್ನೊಂದು ದಿನ ಬರುತ್ತೇನೆಂದು ಹೇಳಿ ಎಂದೆ. ಯಾಕೆ ಎಂದು ಅವರು ಕೇಳಲಿಲ್ಲ. ಯಾರ ಮುಂದೂ ಅನಬೇಡಿ ಎಂದಿದ್ದಳಲ್ಲ, ನಾನೂ ಹೇಳಲಿಲ್ಲ. ಡಾಕ್ಟರರಿಗೆ ಒಂದು ಸಾಲು ಬರೆದಿಡಬಹುದಿತ್ತು. ಅದನ್ನೂ ಮಾಡಲಿಲ್ಲ.

ಸೋಮವಾರ ಸಂಜೆ ಅಂಧೇರಿ ಸ್ಟೇಷನ್ನಿನ ಸೇತುವೆಯ ಮೇಲೆ ನಿಂತು ಮಾಮಾನಿಗೆ ಮತ್ತೆ ಫೋನು ಮಾಡಿದೆ. ಬಂದಿದ್ದಳು, ಕೂತಿದ್ದಳು, ಹೋದಳು ಎಂದರು. ಈ ವಾರ ಹೋಗುತ್ತೇನೆ ಎಂದುಕೊಂಡೆ. ಅಂಧೇರಿಯ ನಂತರ ಇನ್ನೊಂದು ಆಫೀಸು, ಆಮೇಲೆ ಗೋರೆಗಾಂವಿನಲ್ಲೇ ಒಂದು ನರ್ಸಿಂಗ್ ಹೋಮು. ಒಂದು ವಾರ ತಪ್ಪಿದ ಮೇಲೆ ಎರಡನೆಯದು ತಪ್ಪುವುದು ಸುಲಭ. ಅಷ್ಟು ಹೇಳಿದ್ದೇನಲ್ಲ, ಇಷ್ಟರಲ್ಲಿ ಆಸ್ಪತ್ರೆಗೆ ಹೋಗಿರುತ್ತಾಳೆ ಎಂದು ನನಗೆ ನಾನೇ ಹೇಳಿಕೊಂಡೆ. ಮತ್ತೆ ಫೋನು ಮಾಡಲು ನಾಚಿಕೆಯಾಗತೊಡಗಿತು. ಕೊನೆಗೆ ನಾಚಿಕೆಯೂ ಹೋಯಿತು.

ವರ್ಷ ದಾಟಿದ ಮೇಲೆ ಹಳೆಯ ಡಾಕ್ಟರರೇ ಕರೆದರು. ಈಗ ಇನ್ನೊಂದು ಮಂಡಿ. ಅದೇ ಕುರ್ಚಿ, ಅದೇ ಎಡಕ್ಕೆ ವಾಲುವುದು. ಮೊದಲ ದಿನವೇ ಮಾಮಾ ಚಹಾ ಕೊಡುತ್ತಾ ನೆನಪು ಮಾಡಿಕೊಂಡು ನಕ್ಕರು. ನಿನ್ನ ಆ ಹೆಂಗಸು ಇದ್ದಳಲ್ಲ, ನೀನು ಹೋದ ಮೇಲೂ ಎರಡು ತಿಂಗಳು ಪ್ರತಿ ಸೋಮವಾರ ಬಂದು ಆ ಬೆಂಚಿನ ತುದಿಯಲ್ಲಿ ಕೂರುತ್ತಿದ್ದಳು. ಡಾಕ್ಟರ್ ಸಾಬ್ ಇದ್ದಾರೆ, ತೋರಿಸು ಎಂದರೆ ತಲೆಯಾಡಿಸುತ್ತಿದ್ದಳು.

"ನೀವು ಏನು ಹೇಳಿದ್ರಿ?" ಎಂದೆ.

"ಬೋಲಾ, ಬಾಯಿ ಆಯೇಗಿ" ಎಂದರು ಮಾಮಾ. ಡಾಕ್ಟರಮ್ಮ ಬರ್ತಾಳೆ ಎಂದರಂತೆ. ಮತ್ತೇನು ಹೇಳಿಯಾರು? ಆ ದವಾಖಾನೆಯಲ್ಲಿ ಎಲ್ಲರಿಗೂ ಹೇಳುವ ಮಾತು ಅದು.

ಆ ಮಧ್ಯಾಹ್ನ ಅವಳು ದುಡಿಯುತ್ತಿದ್ದ ಜಾಗಕ್ಕೆ ಹೋದೆ. ಬಿಲ್ಡಿಂಗು ಎದ್ದು ನಿಂತಿತ್ತು, ಜನ ಸಂಸಾರ ಹೂಡಿದ್ದರು, ಕಟ್ಟಿದವರು ಎಲ್ಲಿ ಎಂದು ಯಾರಿಗೂ ಗೊತ್ತಿರಲಿಲ್ಲ. ಯಾರೆಂದು ಕೇಳಲು ನನ್ನ ಹತ್ತಿರ ಹೆಸರೂ ಇರಲಿಲ್ಲ.

ಮೂರನೇ ವಾರ, ಗುರುವಾರ ಇರಬೇಕು, ಒಬ್ಬ ಗಂಡಸು ಮಗುವನ್ನೆತ್ತಿಕೊಂಡು ಬಂದ. ಜ್ವರ. ಮಗು ಬೆಳೆದಿತ್ತು, ಆದರೆ ಟಾರ್ಚಿಗೆ ಕೈ ಚಾಚಿದ್ದನ್ನು ನೋಡಿ ಗುರುತು ಸಿಕ್ಕಿತು. ಮಾಮಾ ಹಿಂದಿಯಲ್ಲಿ ಹೆಸರು ಕೇಳಿದರು. ಅವನು ತನ್ನ ಹೆಸರು ಹೇಳಿದ. ಅವಳು ಬಾಯಿ ಬಿಟ್ಟು ಹೇಳದಿದ್ದ ಹೆಸರು. ನಾನು ಎದ್ದು ಹೋಗಿ, ಡಬ್ಬಿಯಲ್ಲಿ ಹೆಸರಿಲ್ಲದೆ ಹಿಂದೆ ಬಿದ್ದಿದ್ದ ಕಾರ್ಡನ್ನು ಹುಡುಕಿ ತಂದೆ.

"ಇದರ ತಾಯಿ?" ಎಂದು ಕನ್ನಡದಲ್ಲೇ ಕೇಳಿದೆ. ಉತ್ತರ ಅವನ ಮುಖದ ಮೇಲೇ ಇತ್ತು.

"ತೀರಿಕೊಂಡ್ಳರಿ, ಯುಗಾದಿ ಮುಂದ. ಕೈ ಬಾತು ಎತ್ತಾಕ ಬರದಂಗಾದ ಮ್ಯಾಲ ಹೇಳಿದ್ಳರಿ. ಊರಿಗಿ ಒಯ್ದು ತೋರಿಸಿದ್ವಿ. ತಡಾ ಆತು ಅಂದ್ರು." ಅವನು ಮಗುವಿನ ಟೋಪಿ ಸರಿಮಾಡಿದ. "ಇಲ್ಲಿ ಒಬ್ಬ ಕನ್ನಡ ಡಾಕ್ಟರ್ ಬಾಯಾರು ಬರ್ತಾರ ಅಂತ ಸೋಮವಾರ ಕೆಲಸ ಬಿಟ್ಟು ಬಂದು ಕೂಡ್ತಿದ್ಳರಿ. ನಾ ಬೈತಿದ್ದೆ. ಅವರು ಮಾತು ಕೊಟ್ಟಾರ, ಬರ್ತಾರ ಅಂತಿದ್ಳು."

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂದು ನಮ್ಮಮ್ಮ ಹತ್ತು ಸಲ ಹೇಳುತ್ತಾಳೆ. ಮಾತು ಹೋಗುವುದಿಲ್ಲ. ಒಬ್ಬಳು ಅದನ್ನು ಹಿಡಿದುಕೊಂಡು ಬೆಂಚಿನ ತುದಿಯಲ್ಲಿ ಕೂತಿರುತ್ತಾಳೆ.

"ಅದು ನಾನ ರೀ" ಎಂದೆ.

ಅವನು ಬಯ್ಯುತ್ತಾನೆ ಎಂದುಕೊಂಡಿದ್ದೆ. ಬೈದಿದ್ದರೆ ನನಗೆ ಹಗುರಾಗುತ್ತಿತ್ತು. ಅವನು ಬಹಳ ಹೊತ್ತು ನನ್ನನ್ನು ನೋಡಿದ. ಬರಲು ಆಗದಂಥ ದೊಡ್ಡ ಕಾರಣ ಏನಿತ್ತು ಎಂದು ನನ್ನ ಮುಖದಲ್ಲಿ ಹುಡುಕುತ್ತಿದ್ದನೋ ಏನೋ. ಅಂಥ ಕಾರಣ ಇರಲಿಲ್ಲ. ಮಗು ಟಾರ್ಚಿನ ಬಟನ್ ಒತ್ತಿ ತನ್ನ ಅಂಗೈಗೆ ಬೆಳಕು ಬಿಟ್ಟುಕೊಂಡಿತು. ನಾನು ಮಗುವಿನ ಎದೆಗೆ ಸ್ಟೆತಾಸ್ಕೋಪ್ ಇಟ್ಟು, ಏನೂ ಕೇಳಿಸದೆ, ಮತ್ತೆ ಇಟ್ಟೆ. ಔಷಧಿ ಬರೆದೆ. ಕಾರ್ಡಿನ ಖಾಲಿ ಜಾಗದಲ್ಲಿ ಅವನ ಹೆಸರು ಬರೆದೆ. ಕೆಳಗೆ, ವರ್ಷದ ಹಿಂದೆ ಬರೆಯದೆ ಬಿಟ್ಟದ್ದನ್ನು ಬರೆಯಲು ಹೋದೆ, ಕೈ ಬರಲಿಲ್ಲ. ಇನ್ನು ಯಾರಿಗೆ ತೋರಿಸಲು?

ಅವನು ಔಷಧಿ ಚೀಟಿಯನ್ನು ಜೇಬಿಗೆ ಹಾಕಿಕೊಂಡು, ಮಗುವನ್ನೆತ್ತಿಕೊಂಡು, ಪರದೆಯ ಹತ್ತಿರ ನಿಂತ.

"ಜ್ವರ ಇಳೀದಿದ್ರ ಸೋಮವಾರ ಬರ್ಲೇನ್ರಿ?"

ನನ್ನ ಕರಾರು ಶನಿವಾರಕ್ಕೆ ಮುಗಿಯುತ್ತಿತ್ತು.

"ಸೋಮವಾರ ನಾ ಇರಂಗಿಲ್ಲ" ಎಂದೆ.