ಶ್ರಾವಣ ಸೋಮವಾರದ ಗುಳಿಗೆ

ಖಾಲಿ ಬಿಟ್ಟ ಕಾಲಂ ಕಂಡರೆ ನನಗೆ ಮೈ ಉರಿಯುತ್ತದೆ. ಇದು ಗುಣವೋ ರೋಗವೋ ಗೊತ್ತಿಲ್ಲ. ಸೊಲ್ಲಾಪುರದ ಒಂದು ಆಸ್ಪತ್ರೆಯ ದಾಖಲೆ ಕೋಣೆಯಲ್ಲಿ ಹದಿನೆಂಟು ವರ್ಷ ಧೂಳು ಕುಡಿದ ಮೇಲೆ ಆ ನೌಕರಿ ಬಿಟ್ಟೆ. ಆಮೇಲೆ ವೃದ್ಧಾಶ್ರಮಗಳ ಕಾಗದಪತ್ರ ಸರಿಮಾಡಿಕೊಡುವ ಕೆಲಸ ಹಿಡಿದೆ. ಸರಕಾರದವರು ತಪಾಸಣೆಗೆ ಬರುವ ಮುಂಚೆ ನಾನು ಹೋಗಬೇಕು. ಬೆಂಕಿ ಆರಿಸುವ ಸಿಲಿಂಡರಿನ ತಾರೀಖು ಮುಗಿದಿಲ್ಲ ತಾನೆ, ಬಚ್ಚಲಲ್ಲಿ ಹಿಡಿದುಕೊಳ್ಳಲು ಕಂಬಿ ಇದೆಯೇ, ಯಾರಿಗೆ ಯಾವ ಗುಳಿಗೆ ಯಾವ ಹೊತ್ತಿಗೆ ಕೊಟ್ಟರು ಎಂದು ಬರೆದಿದೆಯೇ, ಎಲ್ಲ ನೋಡಬೇಕು. ಇಲ್ಲದ್ದನ್ನು ಮಾಡಿಸಬೇಕು. ನಾನು ಒಳಗೆ ಕಾಲಿಟ್ಟರೆ ಆಯಾಗಳು "ಫೈಲಿನ ಅಕ್ಕಾರು ಬಂದ್ರು" ಎಂದು ಒಬ್ಬರಿಗೊಬ್ಬರು ಕಣ್ಸನ್ನೆ ಮಾಡುತ್ತಿದ್ದರು. ನನಗೆ ಅದು ಕೇಳಿಸುತ್ತಿತ್ತು, ಒಳಗೊಳಗೇ ಸ್ವಲ್ಪ ಹೆಮ್ಮೆಯೂ ಆಗುತ್ತಿತ್ತು.

ಅಕ್ಕಲಕೋಟೆಯ ಅಂಚಿನಲ್ಲಿ ನಿವೃತ್ತ ಮಾಸ್ತರರೊಬ್ಬರು ನಡೆಸುವ ಇಪ್ಪತ್ತು ಮಂಚದ ಆಶ್ರಮ ಇತ್ತು. ಅವರ ಪರವಾನಗಿ ನವೀಕರಣ ಆಗಬೇಕಿತ್ತು. ಮಾಸ್ತರರ ಮನಸ್ಸು ಬಂಗಾರ, ದಾಖಲೆ ಮಾತ್ರ ದೇವರಿಗೇ ಪ್ರೀತಿ. ಔಷಧಿ ಕೊಟ್ಟಿದ್ದನ್ನು ಕ್ಯಾಲೆಂಡರಿನ ಹಿಂದೆ ಬರೆಯುತ್ತಿದ್ದರು. ನಾನೇ ಕೂತು ಗೆರೆ ಹೊಡೆದು ದೊಡ್ಡ ಪುಸ್ತಕ ಮಾಡಿಕೊಟ್ಟೆ. ಒಬ್ಬೊಬ್ಬರಿಗೆ ಒಂದೊಂದು ಹಾಳೆ. ಬೆಳಗಿನ ಗುಳಿಗೆ, ನಾಷ್ಟಾ, ಮಧ್ಯಾಹ್ನದ ಊಟ, ರಾತ್ರಿಯ ಗುಳಿಗೆ, ಒಂದೊಂದಕ್ಕೂ ಒಂದು ಕಾಲಂ. ಕೊಟ್ಟರೆ ಟಿಕ್ ಹಾಕುವುದು, ಅಷ್ಟೇ. ಆಯಾಗಳನ್ನು ಸಾಲಾಗಿ ನಿಲ್ಲಿಸಿ, "ಒಂದ ಕಾಲಂ ಖಾಲಿ ಇದ್ರೂ ಸಾಹೇಬ್ರು ಪುಸ್ತಕ ಹೊಳ್ಳಿ ಕೊಡ್ತಾರ, ನೆನಪಿರ್ಲಿ!" ಎಂದು ಗದರಿಸಿದೆ. ಗದರಿಸುವುದು ನನಗೆ ಚೆನ್ನಾಗಿ ಬರುತ್ತದೆ.

ಅಲ್ಲಿ ನಾಗಣಸೂರಿನ ಒಬ್ಬ ಅವ್ವ ಇದ್ದಳು. ಮಕ್ಕಳಿಲ್ಲ, ಗಂಡ ತೀರಿಕೊಂಡ ಮೇಲೆ ತಾನೇ ಚೀಲ ಹಿಡಿದುಕೊಂಡು ಬಂದು ಸೇರಿದವಳು. ಎಪ್ಪತ್ತೈದು ದಾಟಿತ್ತು, ಸಕ್ಕರೆ ಕಾಯಿಲೆ ಇತ್ತು, ಕೊರಳಲ್ಲಿ ಲಿಂಗ ಇತ್ತು. ಪೂಜೆ ಆಗದೆ ಒಂದು ಗುಟುಕು ನೀರನ್ನೂ ಮುಟ್ಟುವವಳಲ್ಲ. ನನ್ನನ್ನು "ತಂಗಿ" ಎಂದು ಕರೆಯುತ್ತಿದ್ದಳು. ನಾನು ನಿಯಮಗಳ ಹಾಳೆಯನ್ನು ಓದಿ ಹೇಳಿ ಎಲ್ಲರ ಹೆಬ್ಬೆಟ್ಟು ಒತ್ತಿಸಿದ ದಿನ ಅವ್ವ ಅಡ್ಡ ಬಂದಳು. ಸಕ್ಕರೆ ಕಾಯಿಲೆಯವರು ಉಪವಾಸ ಮಾಡುವಂತಿಲ್ಲ ಎಂಬುದು ಅದರಲ್ಲಿ ಐದನೆಯ ನಿಯಮ.

"ಶ್ರಾವಣ ಸ್ವಾಮಾರ ಒಪ್ಪತ್ತ ಮಾಡಲಿಕ್ಕೂ ಸರಕಾರದ್ದ ಪರವಾನಗಿ ಬೇಕೇನ, ತಂಗಿ?"

"ಬೇಕ ಅವ್ವಾ. ಗುಳಿಗಿ ನುಂಗಿ ಉಣ್ಣದಿದ್ರ ಸಕ್ಕರಿ ಇಳದ ಜೀವಕ್ಕ ಕುತ್ತ ಐತಿ."

ಅವ್ವ ನಕ್ಕು ಹೆಬ್ಬೆಟ್ಟು ಒತ್ತಿದಳು. ಒಪ್ಪಿಕೊಂಡಳು ಎಂದು ನಾನು ತಿಳಿದೆ. ಹೆಬ್ಬೆಟ್ಟು ಬಿತ್ತೆಂದರೆ ಮಾತು ಮುಗಿಯಿತು ಎಂದು ನಂಬುವ ಜಾತಿ ನನ್ನದು.

ತಪಾಸಣೆ ಶ್ರಾವಣದ ಎರಡನೆಯ ಸೋಮವಾರಕ್ಕೆ ಬಿತ್ತು. ನಾನು ಬೆಳಗಿನ ಎಸ್‌ಟಿ ಬಸ್ಸು ಹಿಡಿದು ಹತ್ತಕ್ಕೆ ಮುಂಚೆಯೇ ತಲುಪಿದೆ. ಸಾಹೇಬರು ಹನ್ನೊಂದಕ್ಕೆ ಬರುವವರಿದ್ದರು. ಮೊದಲು ಔಷಧಿ ಪುಸ್ತಕವನ್ನೇ ತೆರೆದೆ. ಒಂದೂ ಕಾಲಂ ಖಾಲಿ ಇಲ್ಲ. ಮನಸ್ಸು ತಂಪಾಯಿತು. ಮತ್ತೊಮ್ಮೆ ನೋಡಿದಾಗ ಬೆರಳು ಒಂದು ಕಡೆ ನಿಂತಿತು. ಆ ದಿನದ ಮಧ್ಯಾಹ್ನದ ಊಟಕ್ಕೂ ಟಿಕ್ ಬಿದ್ದಿತ್ತು. ರಾತ್ರಿಯ ಗುಳಿಗೆಗೂ ಬಿದ್ದಿತ್ತು. ಹಾಳೆ ತಿರುಗಿಸಿದರೆ ಇಪ್ಪತ್ತು ಮಂದಿಯೂ ಇನ್ನೂ ಬೇಯದ ಅನ್ನ ಉಂಡು ಮುಗಿಸಿದ್ದರು.

ಪುಸ್ತಕ ಬರೆಯುವ ಆಯಾಳನ್ನು ಕರೆದು, "ಏನಿದು?" ಎಂದೆ.

"ನೀವ ಹೇಳಿದ್ರೆಲ್ಲಾ ಅಕ್ಕಾರ, ಖಾಲಿ ಬಿಡಬ್ಯಾಡ್ರಿ ಅಂತ. ನಿನ್ನೆ ಸಂಜೀಕೇ ಕುಂತ ಎಲ್ಲಾ ತುಂಬಿಸಿಬಿಟ್ಟೆ." ಅವಳ ಮುಖದಲ್ಲಿ ಶಾಬಾಸ್‌ಗಿರಿಯ ಆಸೆ ಇತ್ತು. ಮೋಸ ಮಾಡಬೇಕೆಂಬ ಎಣಿಕೆ ಅವಳಿಗೆ ಎಳ್ಳಷ್ಟೂ ಇರಲಿಲ್ಲ. ಹಾಳೆ ಹರಿದು ಹೊಸದು ಬರೆಸಲೇ ಎಂದು ಯೋಚಿಸುವಷ್ಟರಲ್ಲಿ ಒಳಗಿನ ಹಾಲಿನಿಂದ ಯಾರೋ ಕೂಗಿದರು. ನಾಗಣಸೂರಿನ ಅವ್ವ ಎಬ್ಬಿಸಿದರೆ ಏಳುತ್ತಿಲ್ಲವಂತೆ.

ಓಡಿದೆ. ಅವ್ವನ ಹಣೆ, ಕುತ್ತಿಗೆ ಎಲ್ಲ ಬೆವರಿ ದಿಂಬು ಒದ್ದೆಯಾಗಿತ್ತು. ಕಣ್ಣು ಅರ್ಧ ತೆರೆದಿದ್ದವು. ಕೈ ಹಿಡಿದರೆ ತಣ್ಣಗೆ. ನನ್ನ ಹಿಂದೆಯೇ ಓಡಿಬಂದ ಅದೇ ಆಯಾಗೆ, "ಬೆಳಿಗ್ಗಿ ಉಂಡಾಳೇನ?" ಎಂದು ಕೇಳಿದೆ. ಆಯಾ ಅವ್ವನ ಮುಖ ನೋಡಲಿಲ್ಲ. ನನ್ನ ಕಂಕುಳಲ್ಲಿದ್ದ ಪುಸ್ತಕದ ಕಡೆಗೆ ಕೈ ಮಾಡಿ, "ನಾಷ್ಟಾದಾಗ ಟಿಕ್ ಐತೆಲ್ರಿ" ಎಂದಳು. ಆಗ ನನಗೆ ಹುಟ್ಟಿದ ಭಯ ಹೇಗೆ ಹೇಳಲಿ. ಪುಸ್ತಕವನ್ನು ಮಂಚದ ತುದಿಯಲ್ಲಿಟ್ಟು ಅವ್ವನ ಕೆನ್ನೆ ತಟ್ಟಿ ಕರೆದೆ.

ಪಕ್ಕದ ಮಂಚದ ಮುದುಕಿ ಎದ್ದು ಕೂತು ಮೆಲ್ಲಗೆ ಬಾಯಿಬಿಟ್ಟಳು. "ಇವತ್ತ ಸ್ವಾಮಾರ ಅಲ್ಲೇನವಾ. ಗುಳಿಗಿ ನುಂಗಿ ಉಪ್ಪಿಟ್ಟ ನನಗ ಕೊಟ್ಳು. ಫೈಲಿನ ಅಕ್ಕಾರಿಗೆ ಹೇಳಬ್ಯಾಡ ಅಂದಿದ್ಳು."

ಸಕ್ಕರೆ ನೋಡುವ ಯಂತ್ರ ಕಪಾಟಿನಲ್ಲಿತ್ತು. ಅದಕ್ಕೆ ಹಾಕುವ ಪಟ್ಟಿಗಳು ಇರಲಿಲ್ಲ. ತಾರೀಖು ಮುಗಿದ ಸಾಮಾನು ಸಾಹೇಬರ ಕಣ್ಣಿಗೆ ಬೀಳಬಾರದೆಂದು ಹಿಂದಿನ ವಾರ ನಾನೇ ತೆಗೆಸಿ ಹಾಕಿದ್ದೆ, ಹೊಸವು ಇನ್ನೂ ಬಂದಿರಲಿಲ್ಲ. ಮಾಸ್ತರರು ಊರ ಆಸ್ಪತ್ರೆಯ ಡಾಕ್ಟರಿಗೆ ಫೋನ್ ಹಚ್ಚಿ, "ನೀವ ಮಾತಾಡ್ರಿ" ಎಂದು ನನ್ನ ಕೈಗೆ ಕೊಟ್ಟರು. ಅದೇ ಹೊತ್ತಿಗೆ ಸಾಹೇಬರ ಜೀಪು ಬಂತು. ಅರ್ಧ ಗಂಟೆ ಮೊದಲೇ ಬಂದಿದ್ದರು. ನೇರ ಹಾಲಿಗೆ ಬಂದು, ಮಂಚದ ತುದಿಯಲ್ಲಿ ನಾನಿಟ್ಟಿದ್ದ ಪುಸ್ತಕ ಎತ್ತಿಕೊಂಡು ತೆರೆದರು.

ಡಾಕ್ಟರ್ ಕೇಳಿದರು: "ಗುಳಿಗಿ ಆಗೇದ ಏನ್ರಿ? ನಾಷ್ಟಾ ಮಾಡ್ಯಾರ?"

ಸಾಹೇಬರ ಬೆರಳು ಅವ್ವನ ಹಾಳೆಯ ಮೇಲಿತ್ತು. ಇಲ್ಲ ಎಂದರೆ ಪುಸ್ತಕ ಸುಳ್ಳು. ಪುಸ್ತಕ ಸುಳ್ಳಾದರೆ ಪರವಾನಗಿ ಇಲ್ಲ, ಇಪ್ಪತ್ತು ಮಂದಿ ಬೀದಿಗೆ, ನಾನು ಮಾಡಿದ ಕೆಲಸ ಸೊಲ್ಲಾಪುರ ಜಿಲ್ಲೆಗೆಲ್ಲ ಗೊತ್ತಾಗುತ್ತದೆ. ಇಷ್ಟೂ ಒಂದೇ ಉಸಿರಿನಲ್ಲಿ ತಲೆಗೆ ಬಂತು.

"ಮಾಡ್ಯಾರ್ರಿ," ಎಂದೆ. "ಎಂಟೂವರಿಗೆ."

"ಹಂಗಾರ ಸಕ್ಕರಿ ಇಳದಿರಲಿಕ್ಕಿಲ್ಲ. ಬಿಪಿ ಇರಬೇಕು. ಮಲಗಿಸಿರ್ರಿ, ಇಲ್ಲೀ ಕೆಲಸ ಮುಗಿಸಿಕೊಂಡ ಬರ್ತೀನಿ."

ಫೋನ್ ಇಟ್ಟೆ. ಸಾಹೇಬರು ತಲೆಯಾಡಿಸಿ ಮುಂದಿನ ಹಾಳೆಗೆ ಹೋದರು. ನಾನು ಅವ್ವನ ಪಕ್ಕ ಕೂತೆ. ಎಷ್ಟು ಹೊತ್ತು ಎಂದು ಆಮೇಲೆ ಬಹಳ ಲೆಕ್ಕ ಹಾಕಿದ್ದೇನೆ. ಎಂಟು ನಿಮಿಷ ಇರಬಹುದು, ಹತ್ತೂ ಇರಬಹುದು. ಅವ್ವನ ತುಟಿ ಅಲುಗುತ್ತಿತ್ತು, ಮಾತು ಬರುತ್ತಿರಲಿಲ್ಲ. ಎಲ್ಲ ಗೊತ್ತಿದ್ದ ಪಕ್ಕದ ಮಂಚದ ಮುದುಕಿ ನನ್ನನ್ನೇ ನೋಡುತ್ತಿದ್ದಳು. ಓದಿದವಳು ಹೇಳಿದ್ದೇ ಸರಿ ಇರಬೇಕೆಂದು ಸುಮ್ಮನಿದ್ದಳೋ ಏನೋ. ಆಮೇಲೆ ಅವ್ವನ ಕೈ ನನ್ನ ಕೈಯೊಳಗೆ ಒಮ್ಮೆ ಜಗ್ಗಿ ಸಡಿಲಾಯಿತು. ಸತ್ತಳು ಎಂದೇ ತಿಳಿದೆ. ಫೋನ್ ಎತ್ತಿ ಮತ್ತೆ ಡಾಕ್ಟರಿಗೆ ಹಚ್ಚಿ ಕೂಗಿದೆ.

"ಡಾಕ್ಟರ್, ಆಕಿ ಉಂಡಿಲ್ರಿ! ನಾ ಸುಳ್ಳ ಹೇಳಿದೆ. ಪುಸ್ತಕದಾಗಿರೂದೂ ಸುಳ್ಳ."

ಡಾಕ್ಟರ್ ಬೈಯಲಿಲ್ಲ. ಬೈಯುವಷ್ಟು ಪುರುಸೊತ್ತು ಅವರಿಗಿರಲಿಲ್ಲ. "ಬಾಯಾಗ ನೀರ ಹಾಕಬ್ಯಾಡ್ರಿ, ಗಂಟಲಿಗೆ ಸಿಗತದ. ಒಂದ ಕಡಿ ಹೊಳ್ಳಿಸಿ ಮಲಗಿಸಿ, ಸಕ್ಕರಿ ಒಳಗಲ್ಲಕ್ಕ ತಿಕ್ಕರಿ. ಲಗೂನ ಕರ್ಕೊಂಡ ಬರ್ರಿ!"

ಸಾಹೇಬರು ಪುಸ್ತಕ ಮುಚ್ಚಿದರು. ನನ್ನ ಮುಖ ನೋಡಿದರು. ಮಾಸ್ತರರು ಏನೋ ಹೇಳಲು ಹೋದರೆ ಅವರನ್ನು ತಡೆದು, ಮರಾಠಿಯಲ್ಲಿ, "ಆಧೀ ಗಾಡೀತ ಘಾಲಾ" ಎಂದರು. ಮೊದಲು ಗಾಡಿಯಲ್ಲಿ ಹಾಕಿ, ಮಿಕ್ಕಿದ್ದು ಆಮೇಲೆ. ಅವ್ವನ ಕಾಲುಗಳನ್ನು ತಾವೇ ಹಿಡಿದು ಜೀಪಿಗೆ ಏರಿಸಿದರು.

ಆಸ್ಪತ್ರೆ ದೂರವಿರಲಿಲ್ಲ, ಆದರೆ ಶ್ರಾವಣ ಸೋಮವಾರವೆಂದು ಊರ ಗುಡಿಯ ದರ್ಶನಕ್ಕೆ ಬಂದವರ ಗಾಡಿಗಳು ದಾರಿ ತುಂಬ ನಿಂತಿದ್ದವು. ಡ್ರೈವರ್ ಹಾರ್ನ್ ಮೇಲಿಂದ ಕೈ ತೆಗೆಯಲಿಲ್ಲ. ನಾನು ಬೆರಳಿಗೆ ಸಕ್ಕರೆ ಅಂಟಿಸಿಕೊಂಡು ಅವ್ವನ ಕೆನ್ನೆಯ ಒಳಭಾಗಕ್ಕೆ ತಿಕ್ಕುತ್ತಿದ್ದೆ. ಆಕೆಯ ಒಪ್ಪತ್ತನ್ನು ನಾನೇ ಕೈಯಾರೆ ಕೆಡಿಸುತ್ತಿದ್ದೇನೆ ಎಂದೂ ಅನ್ನಿಸಿತು. ಹೆದರಿಕೆಯಲ್ಲಿ ಏನೇನೋ ಅನ್ನಿಸುತ್ತದೆ. ದೇವರಿಗೆ ಹರಕೆ ಹೊರಲು ಹೋದರೆ ಒಂದು ದೇವರ ಹೆಸರೂ ನಾಲಿಗೆಗೆ ಬರಲಿಲ್ಲ.

ಗ್ಲೂಕೋಸ್ ಏರಿಸಿದ ಮೇಲೆ ಅವ್ವ ಕಣ್ಣು ತೆರೆದಳು. ಗುಳಿಗೆಯ ಪ್ರಭಾವ ಇಳಿಯುವವರೆಗೆ ಮೂರು ದಿನ ಅಲ್ಲೇ ಇಟ್ಟುಕೊಂಡರು. ಸಾಹೇಬರು ನನ್ನಿಂದ ನಡೆದದ್ದನ್ನೆಲ್ಲ ಬರೆಸಿಕೊಂಡರು, ನಾನೂ ಒಂದು ಸಾಲು ಬಿಡದೆ ಬರೆದೆ. ಆಶ್ರಮ ಮುಚ್ಚಲಿಲ್ಲ. ಸರಿಪಡಿಸಿಕೊಳ್ಳಲು ಒಂದು ತಿಂಗಳು ಕೊಟ್ಟರು. ಗುಳಿಗೆ ಕೊಟ್ಟವರು ಊಟ ಮುಗಿಯುವ ತನಕ ಮುಂದೆ ಕೂತಿದ್ದು, ಆಮೇಲೆ ಗಂಟೆ ನೋಡಿ ಬರೆಯಬೇಕು ಎಂದು ಹೊಸ ಪದ್ಧತಿ ಆಯಿತು. ಆಯಾ ನನ್ನ ಕಂಡರೆ ಅಳುತ್ತಿದ್ದಳು. ತಪ್ಪು ನಿನ್ನದಲ್ಲ ಎಂದು ಎಷ್ಟು ಹೇಳಿದರೂ ಅವಳು ನಂಬಲಿಲ್ಲ.

ಮೂರನೆಯ ದಿನ ಧೈರ್ಯ ಮಾಡಿ ಅವ್ವನನ್ನು ನೋಡಲು ಹೋದೆ. ಎದ್ದು ಕೂತು ಗಂಜಿ ಕುಡಿಯುತ್ತಿದ್ದಳು. ಉಪವಾಸದ ವಿಷಯ ತೆಗೆದು ನಾಲ್ಕು ಮಾತು ಗದರಿಸೋಣ ಎಂದುಕೊಂಡಿದ್ದೆ. ಬಾಯಿ ತೆರೆಯುವ ಮೊದಲೇ ಅವ್ವ ಬಟ್ಟಲು ಕೆಳಗಿಟ್ಟು ಕೇಳಿದಳು.

"ತಂಗಿ, ಫೋನಿನಾಗ ನಾ ಉಂಡೀನಂತ ಯಾಕ ಹೇಳಿದಿ?"

ಆಕೆಗೆ ಕೇಳಿಸಿತ್ತು ಎಂದು ನನಗೆ ಗೊತ್ತಿರಲಿಲ್ಲ.

"ಎಲ್ಲಾ ಕೇಳಸ್ತಿತ್ತ. ಇಲ್ಲ, ಉಂಡಿಲ್ಲ ಅನ್ನಬೇಕಂತ ಭಾಳ ಜಗ್ಗ್ಯಾಡಿದೆ. ನಾಲಿಗಿ ಹೊಳ್ಳಲಿಲ್ಲ."

"ಹೆದರಿದ್ದೆ ಅವ್ವಾ," ಎಂದೆ. ಅದಕ್ಕಿಂತ ಬೇರೆ ನಿಜ ನನ್ನ ಹತ್ತಿರ ಇರಲಿಲ್ಲ.

ಅವ್ವನಿಗೆ ಸಿಟ್ಟು ಬಂದಂತೆ ಕಾಣಲಿಲ್ಲ. ನಿಜಕ್ಕೂ ಅರ್ಥವಾಗದೆ ನನ್ನ ಮುಖ ನೋಡುತ್ತ ಕೇಳಿದಳು.

"ನೀ ಯಾಕ ಹೆದರಿದಿ ತಂಗಿ? ಸಾಯಾಕತ್ತಿದಾಕಿ ನಾನಿದ್ದೆ."