ಅತ್ತೆಯ ಹಳದಿ ಬೆಲ್ಟು

ಹೋದ ವಾರ ಜಗಳೂರಿನ ಮದುವೆಯೊಂದಕ್ಕೆ ಹೊರಡುವ ಮುನ್ನ ಸೀರೆಗಳ ಟ್ರಂಕು ತೆರೆದೆ. ನುಸಿಗುಳಿಗೆಯ ವಾಸನೆ ಗಪ್ಪೆಂದು ಮೂಗಿಗೆ ಬಡಿಯಿತು. ರೇಷ್ಮೆ ಸೀರೆಗಳ ನಡುವೆ ಸುರುಳಿ ಸುತ್ತಿಟ್ಟ ಹಳದಿ ಪಟ್ಟಿಯೊಂದು ಕೈಗೆ ಸಿಕ್ಕಿತು. ಕರಾಟೆಯ ಬೆಲ್ಟು. ನನ್ನ ಮಗನದು ಅಂದುಕೊಂಡಿರಾ? ಅವನವು ಎಲ್ಲೆಲ್ಲಿ ಬಿದ್ದಿವೆಯೋ ದೇವರೇ ಬಲ್ಲ. ಇದು ನನ್ನ ಅತ್ತೆಯದು.

ನಮ್ಮ ಮನೆ ನ್ಯಾಮತಿಯಲ್ಲಿ. ನನಗೆ ಹೊನ್ನಾಳಿಯ ಬ್ಯಾಂಕಿನಲ್ಲಿ ಕೆಲಸ. ಸಂಜೆ ಬಸ್ಸು ಬಂದಾಗ ನಾನು ಮನೆಗೆ ಬಂದೆ ಅಂತ ಲೆಕ್ಕ. ಮಾವ ತೀರಿಕೊಂಡ ಮೇಲೆ ಅತ್ತೆ ಗಂಗಮ್ಮ ಜಗಳೂರು ಕಡೆಯ ಹಳ್ಳಿಯಿಂದ ನಮ್ಮಲ್ಲಿಗೆ ಬಂದರು. ಆಗ ಮೂರನೇ ಕ್ಲಾಸಿನಲ್ಲಿದ್ದ ಚಿನ್ಮಯನನ್ನು ಕರಾಟೆ ತರಗತಿಗೆ ಕರೆದೊಯ್ಯುವುದು ಅವರ ಪಾಲಿಗೆ ಬಂತು. ಅಲ್ಲಿ ಮಕ್ಕಳು ಬೆಲ್ಟಿನ ಬಣ್ಣದ ಪ್ರಕಾರ ಸಾಲು ನಿಲ್ಲುತ್ತಾರೆ: ಮುಂದೆ ಕಂದು, ನೀಲಿ, ಹಸಿರು, ಹಿಂದೆ ಕಿತ್ತಳೆ, ಹಳದಿ, ಕೊನೆಗೆ ಹೊಸಬರ ಬಿಳಿ. ಅತ್ತೆ ಮೈದಾನದ ಕಟ್ಟೆಯ ಮೇಲೆ ಕೂತು ನೋಡುತ್ತಿದ್ದರು.

ಒಂದು ಸಂಜೆ, ಮೊಣಕಾಲು ಬಗ್ಗಿಸಿ ಕುದುರೆ ಏರಿದವರ ಹಾಗೆ ನಿಲ್ಲುವ ಪಾಠ. ಮಕ್ಕಳು ತೊಡೆ ನಡುಗಿ ಒಬ್ಬೊಬ್ಬರೇ ಕುಸಿಯುತ್ತಿದ್ದರೆ ಅತ್ತೆಗೆ ನಗು ತಡೆಯಲಾಗಲಿಲ್ಲ. ಮಾಸ್ತರು ತಮಾಷೆಗೆ, "ಬರ್ರಿ ಅಜ್ಜಿ, ನೀವೇ ನಿಂತು ತೋರಿಸ್ರಿ" ಎಂದರು. ಅತ್ತೆ ನಿರಿಗೆ ಎತ್ತಿ ಸಿಕ್ಕಿಸಿ ನಿಂತೇಬಿಟ್ಟರು. ಕುರಿ ಕಾಯುತ್ತ, ಶೇಂಗಾ ಕೀಳುತ್ತ ಬಲಿತ ಕಾಲು. ಮಾಸ್ತರೇ ಸಾಕು ಎನ್ನುವವರೆಗೆ ಅಲುಗಲಿಲ್ಲ.

ಮರುದಿನದಿಂದ ಸಾಲಿನ ತುದಿಯಲ್ಲಿ ನಮ್ಮ ಅತ್ತೆ. ನನ್ನ ಹಳೆಯ ಚೂಡಿದಾರದ ಪ್ಯಾಂಟು, ಮೊಣಕಾಲಿನವರೆಗೆ ಇಳಿಬಿದ್ದ ಬಿಳಿ ಅಂಗಿ. ಅಂಗಿ ಹೊಲಿದವಳು ನಾನು, ಹಾಗಾಗಿ ಒಂದು ತೋಳು ತುಸು ಗಿಡ್ಡ. ಕಿತ್ತಳೆ ಬೆಲ್ಟಿನ ಮೊಮ್ಮಗ ಅಲ್ಲಿ ಅವರಿಗೆ ಹಿರಿಯ. ಅವರು ತಲೆಬಾಗಿದರೆ ಅವನು ನಾಚಿ ಇನ್ನೂ ಕೆಳಗೆ ಬಾಗುತ್ತಿದ್ದನಂತೆ.

ನಮ್ಮವರಿಗೆ ಮಾತ್ರ ಇದು ಸರಿಬರಲಿಲ್ಲ. "ಅವ್ವ, ಊರ ಮಂದಿ ನಗ್ತಾರೆ. ಬಿದ್ದು ಸೊಂಟ ಮುರ್ಕಂಡ್ರೆ ಯಾರು ನೋಡೋರು?" ಎಂದರು.

"ನೀನೇ ನೋಡ್ಬೇಕು. ಹೆತ್ತಿದ್ದು ಯಾಕೆ ಮತ್ತೆ?" ಎಂದರು ಅತ್ತೆ.

ಅಲ್ಲಿಗೆ ತಾಯಿ ಮಗನ ಮಾತು ನಿಂತಿತು. "ಅವ್ವಗೆ ಸಾರು ಬೇಕಾ ಕೇಳು", "ಅವನಿಗೆ ಮಜ್ಜಿಗೆ ಹಾಕವ್ವ" ಅಂತ ಊಟದ ಹೊತ್ತಿನ ಸಮಾಚಾರವೆಲ್ಲ ನನ್ನ ಮೂಲಕ. ಬೆಲ್ಟಿನ ಪರೀಕ್ಷೆಗೆ ಅತ್ತೆ, ಚಿನ್ಮಯ, ನಾನು ಚನ್ನಗಿರಿಗೆ ಹೊರಟ ದಿನವೂ ನಮ್ಮವರು ಬರುವುದಿಲ್ಲ ಎಂದೇ ಹೇಳಿದ್ದರು. ಬಸ್ಸು ಹೊರಡುವಾಗ ಓಡಿಬಂದು ಹತ್ತಿ, ಹಿಂದಿನ ಸೀಟಿನಲ್ಲಿ ಕಿಟಕಿಯಾಚೆ ನೋಡುತ್ತ ಕೂತರು.

ಸಭಾಂಗಣದಲ್ಲಿ ಅತ್ತೆಯ ಹೆಸರು ಕೂಗಿದರು. ಏಟು, ತಡೆ, ತಿರುವು ಎಲ್ಲ ಸರಿಯಾಗಿಯೇ ನಡೆದಿತ್ತು. ಅರ್ಧದಲ್ಲಿ ಎಡಕ್ಕೆ ತಿರುಗಬೇಕಾದವರು ಬಲಕ್ಕೆ ತಿರುಗಿ ನಿಂತುಬಿಟ್ಟರು. ಮುಂದಿನದು ಮರೆತಿತ್ತು. ಹಿಂದೆ ಯಾರೋ ಕಿಸಕ್ಕೆಂದರು.

ಅತ್ತೆ ಪರೀಕ್ಷಕರತ್ತ ನೋಡಿ, "ಮರ್ತೋತಪ್ಪ. ಮೊದ್ಲಿಂದ ಮಾಡ್ತೀನಿ, ನಿಮಗೆ ಟೈಮೈತಾ?" ಎಂದು ಕೇಳಿದರು.

"ಐತೆ, ಮಾಡ್ರಿ ಅಮ್ಮ."

ಈ ಸಲ ಒಂದೂ ತಪ್ಪಲಿಲ್ಲ. ಕೊನೆಯ ಏಟಿಗೆ ಅವರು ಹಾಕಿದ ಕೂಗಿಗೆ ಎಂಥ ಕುರಿಹಿಂಡೂ ಹಿಂದಿರುಗಬೇಕು. ಕಿಸಕ್ಕೆಂದವರೂ ಚಪ್ಪಾಳೆ ತಟ್ಟಿದರು.

ಪರೀಕ್ಷಕರು ಹಳದಿ ಬೆಲ್ಟು ಹಿಡಿದು ಬಂದಾಗ ಅತ್ತೆ ಒಂದು ಹೆಜ್ಜೆ ಹಿಂದೆ ಸರಿದರು. "ಬ್ಯಾಡಪ್ಪ. ಅರಿಶಿನದ ಬಣ್ಣ. ನಮ್ಮ ಯಜಮಾನ್ರು ಹೋದ ಮ್ಯಾಲೆ ನಾನು ಮೈಗೆ ಸೋಕಿಸಿಲ್ಲ" ಎಂದರು. ಪರೀಕ್ಷಕರು ಬೆಲ್ಟು ಹಿಡಿದುಕೊಂಡೇ ನನ್ನತ್ತ ತಿರುಗಿದರು. ನಾನು ಏಳುವಷ್ಟರಲ್ಲಿ, ಬಾಗಿಲ ಬಳಿ ನಿಂತಿದ್ದ ನಮ್ಮವರು ನಡೆದುಹೋಗಿ ಬೆಲ್ಟು ಇಸಿದುಕೊಂಡು ತಾಯಿಯ ಮುಂದೆ ಮಂಡಿಯೂರಿದರು.

"ನೀನು ದುಡಿದು ತಗಂಡಿದ್ದು. ಕಟ್ಕಳವ್ವ."

ಅವರು ಹಾಕಿದ್ದು ಪಂಚೆಗೆ ಹಾಕುವ ಗಂಟು. ಚಿನ್ಮಯ ಓಡಿಬಂದು ಅದನ್ನು ಬಿಚ್ಚಿ ಸರಿಯಾಗಿ ಕಟ್ಟಿದ. ಅತ್ತೆ ಮಗನ ತಲೆಯ ಮೇಲೊಂದು, ಮೊಮ್ಮಗನ ತಲೆಯ ಮೇಲೊಂದು ಕೈಯಿಟ್ಟರು.

ಆಮೇಲೆ ಕಿತ್ತಳೆ ಬಂತು, ಹಸಿರೂ ಬಂತು. ಅಲ್ಲಿಗೆ ನಿಲ್ಲಿಸಿದರು. ಕಪ್ಪಿನವರೆಗೂ ಹೋಗಬಹುದು ಎಂದು ಹೇಳಲು ಮಾಸ್ತರು ಮನೆಗೇ ಬಂದರು. "ಸಾಕಪ್ಪ, ಹೊಟ್ಟೆ ತುಂಬೈತೆ" ಎಂದು ಅತ್ತೆ ಅವರಿಗೆ ಮಂಡಕ್ಕಿ, ಚಹಾ ಕೊಟ್ಟು ಕಳಿಸಿದರು.

ಇಷ್ಟೆಲ್ಲ ಆಗಿಯೂ ಮದುವೆಗಳಿಗೆ ಅತ್ತೆ ಉಡುತ್ತಿದ್ದುದು ನಾನು ತೆಗೆದುಕೊಡುವ ಮಾಸಲು ಬಣ್ಣದ ಸೀರೆಗಳನ್ನೇ. ಅವರೂ ಬೇರೆ ಕೇಳಿರಲಿಲ್ಲ, ನನಗೂ ಹೊಳೆದಿರಲಿಲ್ಲ. ಹೋದ ವಾರ ಟ್ರಂಕಿನ ಮುಂದೆ ಕೂತವಳು ಆ ಬೆಲ್ಟು ಪಕ್ಕಕ್ಕಿಟ್ಟು ನನ್ನ ದಾಳಿಂಬೆ ಬಣ್ಣದ ಇಳಕಲ್ ಸೀರೆ ತೆಗೆದು, "ಅತ್ತೆ, ಇದನ್ನ ಉಡ್ರಿ" ಎಂದೆ.

ಅವರು ಸೆರಗು ಸವರಿ ನೋಡಿದರು. "ನನಗೆ ಒಪ್ತೈತೇನವ್ವ?"

"ಒಪ್ತೈತೆ."

ಕಲ್ಯಾಣಮಂಟಪದ ಊಟದ ಸಾಲಿನಲ್ಲಿ ದೂರದ ನೆಂಟರೊಬ್ಬರು ಅತ್ತೆಯನ್ನು ಮೇಲಿಂದ ಕೆಳಗೆ ನೋಡಿ, "ಏನ್ ಗಂಗಕ್ಕ, ಈ ಬಣ್ಣ ಉಟ್ಟೀಯ?" ಎಂದರು. ಅತ್ತೆ ಸೆರಗನ್ನು ಭುಜದ ಮೇಲೆ ಹರಡಿಕೊಂಡು, "ನಮ್ಮ ಸೊಸೆ ಆರಿಸಿದ್ದು. ಚೆಂದೈತಲ್ಲ?" ಎಂದು ಅವರ ಪಕ್ಕದಲ್ಲೇ ಕುರ್ಚಿ ಎಳೆದು ಕೂತು, ಹೋಳಿಗೆ ಬಡಿಸುವವನನ್ನು ಇತ್ತ ಕರೆದರು.