ಮ್ಯಾನೇಜರನ ಬಾಯಿಗೆ ಎಲೆಯಡಿಕೆ

ಗಿಂಡಿ ಬಡಾವಣೆಯ ನಮ್ಮ ಕಚೇರಿಯಲ್ಲಿ ನನ್ನ ಮ್ಯಾನೇಜರ್ ಆಗಿರುವ ಸೂರಜ್ ನನಗಿಂತ ಹದಿನೇಳು ವರ್ಷ ಚಿಕ್ಕವನು. ಇದರಲ್ಲಿ ಅವನ ತಪ್ಪೇನೂ ಇಲ್ಲ. ನಾನು ವಡಪಳನಿಯಲ್ಲಿ ಸಿನಿಮಾ ಬ್ಯಾನರುಗಳ ಮೇಲೆ ನಾಯಕರ ಮೀಸೆ ಬರೆಯುತ್ತಿದ್ದವನು. ಕೈಯಲ್ಲಿ ಬ್ಯಾನರ್ ಬರೆಸುವ ಕಾಲ ಮುಗಿದ ಮೇಲೆ ಕಂಪ್ಯೂಟರ್ ಕಲಿತು, ಮೊಬೈಲ್ ಪರದೆಯ ಮೇಲಿನ ಗುಂಡಿಗಳನ್ನು ಬರೆಯುವವನಾದೆ. ಆರಡಿಯ ಮೀಸೆಯಿಂದ ಕಡಲೆಬೇಳೆ ಗಾತ್ರದ ಗುಂಡಿಗೆ ಇಳಿದದ್ದಕ್ಕೆ ನಮ್ಮ ಕಚೇರಿಯಲ್ಲಿ ಕೆರಿಯರ್ ಬೆಳವಣಿಗೆ ಎನ್ನುತ್ತಾರೆ.

ಬೆಳೆಸುವುದು ಸೂರಜನ ಹುಚ್ಚು. ತನ್ನ ಕೈಕೆಳಗಿನ ಡಿಸೈನರುಗಳು ಮೇಲೆ ಬರಬೇಕೆಂದು ಅವನಷ್ಟು ಒದ್ದಾಡುವವರನ್ನು ನಾನು ನೋಡಿಲ್ಲ. ತಿಂಗಳಿಗೊಮ್ಮೆ ಒಬ್ಬೊಬ್ಬರನ್ನೇ ಕಾಫಿಗೆ ಕೂರಿಸಿಕೊಂಡು ಬದುಕಿನ ಗುರಿ ಕೇಳುತ್ತಾನೆ.

"ಐದು ವರ್ಷದ ನಂತರ ನೀವು ಎಲ್ಲಿರ್ತೀರಿ ಕಿಟ್ಟಣ್ಣ?"

"ಮನೇಲಪ್ಪ. ಊಟ ಆಗಿ ಮಲಗಿರ್ತೀನಿ."

ಅವನು ನಗಲಿಲ್ಲ. ಲ್ಯಾಪ್‌ಟಾಪಿನಲ್ಲಿ ನನ್ನ ಹೆಸರಿನ ಮುಂದೆ ಏನೋ ಬರೆದುಕೊಂಡ. ಬಗ್ಗಿ ನೋಡಿದೆ: "ಗುರಿಯ ಬಗ್ಗೆ ಸ್ಪಷ್ಟತೆ ಇದೆ."

ಇಷ್ಟು ಒಳ್ಳೆಯ ಮನುಷ್ಯನಿಗೆ ಒಂದೇ ರೋಗ. ಬಾಯಿ. ತನ್ನವರ ಕೆಲಸವನ್ನು ಯಾರಾದರೂ ಪ್ರಶ್ನಿಸಿದರೆ, ಪ್ರಶ್ನೆ ಮುಗಿಯುವ ಮೊದಲೇ ಇವನ ಉತ್ತರ ಶುರುವಾಗುತ್ತಿತ್ತು. ನನಗಂತೂ ಇದು ಬಹಳ ಹಿಡಿಸಿತ್ತು. ನಾಲ್ಕು ವರ್ಷ ಒಂದು ಮೀಟಿಂಗಿನಲ್ಲೂ ಬಾಯಿ ತೆರೆಯದೆ ಸಂಬಳ ತೆಗೆದುಕೊಂಡಿದ್ದೇನೆ.

ಪೆಟ್ಟು ಬಿದ್ದದ್ದು ಪ್ರಣಮ್ಯಾಗೆ. ಇಪ್ಪತ್ತೆಂಟರ ಹುಡುಗಿ, ನಮ್ಮಲ್ಲೆಲ್ಲ ಅವಳದೇ ಚೆಂದದ ಕೈ. ಹುಟ್ಟಿ ಬೆಳೆದದ್ದು ಅಡ್ಯಾರಿನಲ್ಲಿ. ಮನೆಯವರ ಕನ್ನಡ ಪೂರ್ತಿ ಅರ್ಥವಾಗುತ್ತದೆ, ಉತ್ತರ ಮಾತ್ರ ತಮಿಳು, ಇಂಗ್ಲಿಷುಗಳಲ್ಲಿ ಬರುತ್ತದೆ, ಅದೂ ಎರಡು ಪದಕ್ಕೆ ಮೀರದೆ. ಟೀಮ್ ಲೀಡ್ ಹುದ್ದೆಗೆ ಎರಡು ಸಲ ಸಮಿತಿಯ ಮುಂದೆ ಹೋದಳು. ಎರಡು ಸಲವೂ ಸಮಿತಿ ಬರೆದದ್ದು ಒಂದೇ: "ಕೆಲಸ ಚೆನ್ನಾಗಿದೆ. ಆದರೆ ಮಾತಾಡಿದ್ದೆಲ್ಲ ಸೂರಜ್. ಇದು ಯಾರ ಕೆಲಸ?" ಮೂರನೆಯ ಸಲವೂ ತಪ್ಪಿದರೆ ಇನ್ನು ಎರಡು ವರ್ಷ ಅರ್ಜಿ ಹಾಕುವಂತಿಲ್ಲ ಎಂಬುದು ಕಂಪನಿಯ ನಿಯಮ. ಆ ಮೂರನೆಯ ಸಲ ಬರುವ ಸೋಮವಾರಕ್ಕಿತ್ತು.

ಅದರ ಹಿಂದಿನ ಶನಿವಾರ ಸೂರಜ್ ನನ್ನನ್ನು ತನ್ನಪ್ಪನ ಹೋಟೆಲಿಗೆ ಕರೆದುಕೊಂಡು ಹೋದ. ಸುಬ್ರಾಯರು ಕುಂದಾಪುರದ ಕಡೆಯಿಂದ ಹುಡುಗನಾಗಿದ್ದಾಗ ಬಂದು, ವಡಪಳನಿ ಮುರುಗನ ಗುಡಿಯ ಹಿಂದಿನ ಬೀದಿಯಲ್ಲಿ ಹೋಟೆಲಿಟ್ಟವರು. ಗಲ್ಲಾಪೆಟ್ಟಿಗೆಯ ಮುಂದೆ ಅವರು ಕೂರುವ ಜಾಗದ ಹಿಂದಿನ ಗೋಡೆಯ ಮೇಲೆ ದೇವರ ಪಟಕ್ಕಿಂತ ಬೇರೆ ಹೋಟೆಲುಗಳ ಪಟವೇ ಹೆಚ್ಚು. ಅವರ ಹತ್ತಿರ ತಟ್ಟೆ ತೊಳೆಯಲು ಸೇರಿ, ಸಪ್ಲೈಗೆ ಬಂದು, ದೋಸೆಕಲ್ಲು ಹತ್ತಿ, ಕೊನೆಗೆ ಸ್ವಂತ ಹೋಟೆಲಿಟ್ಟ ಹನ್ನೊಂದು ಜನರ ಅಂಗಡಿಗಳವು.

ಮಗ ಕಷ್ಟ ಹೇಳಿಕೊಂಡ. ಸುಬ್ರಾಯರು ಎಲೆಗೆ ಸುಣ್ಣ ಸವರುತ್ತ ಕೇಳಿದರು.

"ನಿನ್ನ ಕೈಕೆಳಗೆ ಎಷ್ಟು ಜನ ಮಾರಾಯ?"

"ಒಂಬತ್ತು."

"ಮೇಲೆ ಹೋದದ್ದು ಎಷ್ಟು?"

"ಯಾರೂ ಇಲ್ಲ ಅಪ್ಪ. ನನ್ನನ್ನು ಬಿಟ್ಟು ಯಾರೂ ಹೋಗೂದಿಲ್ಲ."

"ಹಾಗಾದ್ರೆ ನೀನು ನಡೆಸೂದು ಆಫೀಸಲ್ಲ, ಛತ್ರ," ಎಂದರು ಸುಬ್ರಾಯರು. ಆಮೇಲೆ ನನ್ನ ಕಡೆ ತಿರುಗಿ, "ಇವರನ್ನು ನೋಡಿದ್ರೇ ಗೊತ್ತಾಗ್ತದೆ" ಎಂದೂ ಸೇರಿಸಿದರು. ನಾನು ತಟ್ಟೆಯಲ್ಲಿದ್ದ ಮೂರನೆಯ ಗೋಳಿಬಜೆಗೆ ಕೈ ಹಾಕಿದ್ದೆ. ವಾಪಸು ಇಡಲು ಮನಸ್ಸಾಗಲಿಲ್ಲ.

"ಕೇಳು," ಎಂದರು ಮಗನಿಗೆ. "ಹೊಸಬ ದೋಸೆಕಲ್ಲಿಗೆ ನಿಂತ ದಿನ ನಾನು ಎಂತ ಮಾಡ್ತೇನೆ ಗೊತ್ತುಂಟಾ? ಬಾಯಿ ತುಂಬ ಎಲೆಯಡಿಕೆ ಹಾಕಿಕೊಂಡು ಅವನ ಪಕ್ಕ ನಿಲ್ಲುದು. ಮೊದಲನೇ ದೋಸೆ ಹರೀತದೆ. ಎರಡನೇದು ಕರಟಿ ಹೋಗ್ತದೆ. ನನಗೆ ಬೈಲಿಕ್ಕೆ ಬಾಯಿ ಎಲ್ಲುಂಟು? ಕಲ್ಲಿನ ಹತ್ರ ಉಗುಳೂ ಹಾಗೂ ಇಲ್ಲ. ಐದನೇ ದೋಸೆ ಹೊತ್ತಿಗೆ ಅವನೇ ಕಲ್ಲಿನ ಬಿಸಿ ನೋಡಿಕೊಳ್ತಾನೆ. ನೀನು ಸೌಟು ಕಸಕೊಂಡ್ರೆ ದೋಸೆ ಚೆಂದ ಆಗ್ತದೆ, ಅಡುಗೆ ಭಟ್ಟ ತಯಾರಾಗೂದಿಲ್ಲ."

ಹೊರಡುವಾಗ ಮಗನಿಗೊಂದು ಎಲೆಯಡಿಕೆಯ ಪೊಟ್ಟಣ ಕಟ್ಟಿಕೊಟ್ಟರು. ಸುಮ್ಮನೆ ತಮಾಷೆಗೆ ಎಂದು ನಾನು ತಿಳಿದೆ. ಸೂರಜನ ಬಗ್ಗೆ ನಾನು ತಿಳಿದದ್ದೆಲ್ಲ ತಪ್ಪು.

ಸೋಮವಾರ ಹನ್ನೊಂದಕ್ಕೆ ಗಾಜಿನ ಕೋಣೆಯಲ್ಲಿ ಸಮಿತಿ ಕೂತಿತು. ಹಿರಿಯರು ವಂದನಾ ಮೇಡಂ, ನಮ್ಮ ಕನ್ನಡದವರೇ. ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರೆ ಎಂಥವರ ಡಿಸೈನೂ ಬಾಡುತ್ತದೆ. ಜೊತೆಯಲ್ಲಿ ಕೆಲಸ ಮಾಡುವವರ ಪರವಾಗಿ ಒಬ್ಬ ಸಾಕ್ಷಿ ಬೇಕಾದ್ದರಿಂದ ನಾನೂ ಇದ್ದೆ. ಕೊನೆಯವನಾಗಿ ಸೂರಜ್ ಬಂದ. ಎಡಗೆನ್ನೆ ನಿಂಬೆಹಣ್ಣು ಇಟ್ಟುಕೊಂಡಂತೆ ಉಬ್ಬಿತ್ತು.

"ಏನು ಸೂರಜ್, ಹಲ್ಲುನೋವಾ?" ವಂದನಾ ಮೇಡಂ ಕೇಳಿದರು.

ಅವನು ತುಟಿ ಬಿಗಿದುಕೊಂಡೇ ತಲೆಯಾಡಿಸಿದ.

ಪ್ರಣಮ್ಯಾ ತನ್ನ ಕೆಲಸ ತೋರಿಸಿದಳು. ಆಸ್ಪತ್ರೆಗೆ ಟೋಕನ್ ತೆಗೆದುಕೊಳ್ಳುವ ಮೊಬೈಲ್ ಆ್ಯಪ್. ಹಳೆಯದರಲ್ಲಿ ಮೊದಲ ಪುಟದಲ್ಲೇ ಎಂಟು ಗುಂಡಿಗಳಿದ್ದವು. ಇವಳು ಎರಡೇ ಉಳಿಸಿದ್ದಳು. ವಂದನಾ ಮೇಡಂ ಕನ್ನಡಕ ತೆಗೆದರು.

"ಆರು ಗುಂಡಿ ತೆಗೆದದ್ದು ಏಕೆ?"

ಪ್ರಣಮ್ಯಾ ಅಭ್ಯಾಸದಂತೆ ಸೂರಜನ ಕಡೆ ನೋಡಿದಳು. ಸಮಿತಿಯೂ ಅಭ್ಯಾಸದಂತೆ ಅವನ ಕಡೆಗೇ ನೋಡಿತು. ಸೂರಜನ ಕಣ್ಣು ಅಗಲವಾಯಿತು, ಕುತ್ತಿಗೆಯ ನರ ಉಬ್ಬಿತು, ಒಳಗಿದ್ದ ಉತ್ತರ ಎಲೆಯಡಿಕೆಗೆ ಗುದ್ದುತ್ತಿದ್ದದ್ದು ನನಗೆ ಕಾಣುತ್ತಿತ್ತು. ಆದರೆ ಬಾಯಿ ತೆರೆದರೆ ವಂದನಾ ಮೇಡಂರ ಬಿಳಿ ಸೀರೆ ಎದುರಿಗೇ ಇತ್ತು. ಅವನು ಬೆರಳೆತ್ತಿ ಪ್ರಣಮ್ಯಾಳ ಕಡೆ ತೋರಿಸಿದ.

ತಡೆಯಲಾರದೆ ನಾನೇ, "ಅದು ಏನಂದ್ರೆ ಮೇಡಂ..." ಎಂದೆ. ನಾಲ್ಕು ವರ್ಷದಲ್ಲಿ ನನ್ನ ಮೊದಲ ಮಾತು. ಮೇಜಿನ ಕೆಳಗೆ ಸೂರಜ್ ನನ್ನ ಕಾಲಿಗೆ ಒದ್ದ.

"ಪಾಟಿ..." ಎಂದಳು ಪ್ರಣಮ್ಯಾ. ಅಜ್ಜಿ ಎಂದು ಅರ್ಥ. ಮತ್ತೆ ಶುರು ಮಾಡಿದಳು. ಅಡ್ಯಾರಿನ ಒಂದು ಕ್ಲಿನಿಕ್ಕಿನಲ್ಲಿ ಮೂರು ದಿನ ಕೂತು ನೋಡಿದ್ದಳಂತೆ. ಅಜ್ಜಿಯಂದಿರು ಎಂಟು ಗುಂಡಿ ನೋಡಿದ ಕೂಡಲೇ ಪಕ್ಕದಲ್ಲಿ ಕೂತ ಅಪರಿಚಿತರ ಕೈಗೆ ಫೋನು ಕೊಟ್ಟುಬಿಡುತ್ತಿದ್ದರು. ಎರಡೇ ಗುಂಡಿ ಬರೆದ ಕಾಗದ ತೋರಿಸಿದಾಗ ಯಾರೂ ಕೊಡಲಿಲ್ಲ.

"ಉಳಿದ ಸೌಲಭ್ಯಗಳನ್ನು ಮುಚ್ಚಿಟ್ಟರೆ ಕಂಪನಿಗೆ ನಷ್ಟ ಅಲ್ಲವೇ?"

"ನೋ ಮೇಡಂ. ನಿಮ್ಮ ಮಾತು ತಪ್ಪು."

ನಿಮ್ಮ ಮಾತು ತಪ್ಪು! ವಂದನಾ ಮೇಡಂರಿಗೆ, ಅದೂ ಕನ್ನಡದಲ್ಲಿ! ನಾನು ಕುರ್ಚಿ ಹಿಡಿದುಕೊಂಡೆ. ಅವಳು ನಿಲ್ಲಲಿಲ್ಲ. ಮೂರು ಭಾಷೆ ಕಲಸಿ ಹದಿನೈದು ನಿಮಿಷ ಮಾತಾಡಿದಳು. ಮಧ್ಯೆ ಎಲ್ಲೋ ವಂದನಾ ಮೇಡಂ ಕನ್ನಡಕ ಹಾಕಿಕೊಂಡು ಬರೆದುಕೊಳ್ಳತೊಡಗಿದರು.

ಅಷ್ಟರಲ್ಲಿ ಸೂರಜನಿಗೆ ಬೇರೆ ಸಂಕಟ. ಉಗುಳುವ ಹಾಗಿಲ್ಲ ಎಂದು ರಸವನ್ನೆಲ್ಲ ನುಂಗಿದ್ದ. ಅಭ್ಯಾಸವಿಲ್ಲದವನಿಗೆ ಅಡಿಕೆ ಸೊಕ್ಕಿ ತಲೆ ತಿರುಗಿತು. ಹಣೆಯ ಮೇಲೆ ಬೆವರು, ಕಣ್ಣಲ್ಲಿ ನೀರು. ಸಮಿತಿಯವರಿಗೆ ಅದು ಬೇರೆಯೇ ಕಂಡಿರಬೇಕು. "ಶಿಷ್ಯೆ ಮಾತಾಡಿದ್ದಕ್ಕೆ ಅಳ್ತಿದಾನೆ, ಪಾಪ," ಎಂದು ಒಬ್ಬರು ಪಿಸುಗುಟ್ಟಿದರು. ಅವನನ್ನು ಹೊರಗೆ ಕರೆತಂದು, ಎಲೆಯಡಿಕೆ ಉಗುಳಿಸಿ ತಣ್ಣೀರು ಕೊಟ್ಟೆ. ಅವನು ಮೊದಲು ಕೇಳಿದ್ದು, "ಕಿಟ್ಟಣ್ಣ, ಗುಂಡಿಯ ಬಣ್ಣದ ವಿಷಯ ಹೇಳಿದ್ಲಾ?"

"ಇಲ್ಲ."

"ಅಯ್ಯೋ, ಹೇಳ್ಬಿಡಲಾ?" ಎಂದು ಎದ್ದ. ಭುಜ ಹಿಡಿದು ಕೂರಿಸಿದೆ.

ಬುಧವಾರ ಪತ್ರ ಬಂತು. ಪ್ರಣಮ್ಯಾ ಲೀಡ್ ಆದಳು. ಅವಳಿಗೆ ಬೇರೆ ಟೀಮು, ಬೇರೆ ಮಹಡಿ. ಸೂರಜ್ ಎಲ್ಲರಿಗೂ ಜಿಲೇಬಿ ಹಂಚಿ, ಅವಳ ಖಾಲಿ ಕುರ್ಚಿಯನ್ನು ಆ ದಿನವೆಲ್ಲ ಒಂದಲ್ಲ ಒಂದು ನೆಪದಿಂದ ಸರಿಪಡಿಸುತ್ತಿದ್ದ. ಸಂಜೆ ಅಪ್ಪನಿಗೆ ಫೋನು ಮಾಡಿದ. "ಒಂದು, ಅಪ್ಪ," ಎಂದ ಅಷ್ಟೇ. ಆ ಕಡೆಯಿಂದ ಬಂದ ನಗು ನನಗೂ ಕೇಳಿಸಿತು.

ಹೊಸ ಟೀಮಿಗೆ ಹಳಬರಿಂದ ಒಬ್ಬರನ್ನು ಆರಿಸಿಕೊಳ್ಳಲು ಪ್ರಣಮ್ಯಾಗೆ ಅವಕಾಶವಿತ್ತು. ನನ್ನನ್ನು ಆರಿಸಿದಳು. "ಅಂಕಲ್, ನೀಂಗ ವಾಂಗೊ," ಎಂದು ತಮಿಳಿನಲ್ಲಿ, ನೀವು ಬನ್ನಿ ಅಂತ, ಅವಳೇ ಬಂದು ಕರೆದಾಗ ನನ್ನ ಎದೆಯುಬ್ಬಿತು. ಮೊನ್ನೆ ನನ್ನ ಗುಂಡಿಗಳ ಬಗ್ಗೆ ವಂದನಾ ಮೇಡಂ ಎದುರು ಮೊದಲ ಮೀಟಿಂಗ್. ನಾನು ನೆಮ್ಮದಿಯಿಂದ ಹಿಂದಿನ ಕುರ್ಚಿಯಲ್ಲಿ ಕೂತೆ. ಮೇಡಂ ಕನ್ನಡಕ ತೆಗೆದರು, ಪ್ರಶ್ನೆ ಕೇಳಿದರು. ಉತ್ತರಕ್ಕಾಗಿ ನನ್ನ ಹೊಸ ಲೀಡ್ ಕಡೆ ತಿರುಗಿದೆ.

ಅವಳ ಎಡಗೆನ್ನೆ ಉಬ್ಬಿತ್ತು.